ಡ್ಯೂಟಿ ಸರಸಂಬಾ, ಮನಿ ಕಲಬುರಗಿ: ಈ ಓಡಾಟದ ಲೆಕ್ಕ ಯಾರು ಹಾಕ್ಯಾರ?

ಆಳಂದ: ಬೆಳಗಾದರೆ ಕಲಬುರಗಿಯಿಂದ ಆಳಂದ ಕಡೆ ಬರುವ ಬಸ್ಸು, ಬೈಕುಗಳಲ್ಲಿ ನೌಕರದಾರರಿಗೆ ಬರ ಇಲ್ಲ. ಮಾಸ್ತರರು, ನರ್ಸ್‌ಗಳು, ಪಂಚಾಯ್ತಿ ಸಿಬ್ಬಂದಿ. ಸಂಜೆ ಇದೇ ಮಂದಿ ವಾಪಸ್. ಸರಸಂಬಾದಂಥ ಗಡಿ ಭಾಗದ ಊರಲ್ಲಿ ಡ್ಯೂಟಿ ಇದ್ದವರಿಗೆ ಆಳಂದ ಮುಟ್ಟಿದ ಮೇಲೂ ದಾರಿ ಉಳಿದಿರುತ್ತದೆ.

ನೌಕರರು ಕೇಂದ್ರ ಸ್ಥಾನದಲ್ಲೇ ಇರಬೇಕು ಅಂತ ಸರ್ಕಾರ ಸುತ್ತೋಲೆ ಮೇಲೆ ಸುತ್ತೋಲೆ ಹೊರಡಿಸುತ್ತಲೇ ಇದೆ. ಅದರಿಂದ ಎಷ್ಟು ಮನೆ ಬದಲಾದವು ಅನ್ನೋದು ಎಲ್ಲರಿಗೂ ಗೊತ್ತು. ಹೆದರಿಸೋದು ಬಿಟ್ಟು ಲೆಕ್ಕ ಹಾಕಿ ತೋರಿಸಿದರೆ ಕೆಲವರಾದರೂ ಮನಸ್ಸು ಮಾಡಬಹುದು.

ಕಲಬುರಗಿ–ಆಳಂದ ಒಂದು ಕಡೆಗೆ 40 ಕಿ.ಮೀ. ಮೇಲೆ. ಹೋಗಿ ಬರೋದು 80 ಅಂತಲೇ ಹಿಡಿಯೋಣ. ಬೈಕು ಲೀಟರಿಗೆ 40 ಕೊಟ್ಟರೆ ದಿನಕ್ಕೆ ಎರಡು ಲೀಟರ್. ಪೆಟ್ರೋಲು 100 ರೂ. ಅಂದರೂ ತಿಂಗಳ 25 ದಿನಕ್ಕೆ 5 ಸಾವಿರ ರೂ. ಆಳಂದದಿಂದ ಮುಂದಿನ ದಾರಿ ಇದರಲ್ಲಿ ಸೇರಿಲ್ಲ, ಟೈರು, ಸರ್ವೀಸು, ಸೊಂಟನೋವಂತೂ ಇಲ್ಲವೇ ಇಲ್ಲ. 7ನೇ ವೇತನ ಆಯೋಗ 2024ರ ಆಗಸ್ಟ್‌ನಿಂದ ಜಾರಿಯಾದ ಮೇಲೆ ಸಣ್ಣ ಊರಲ್ಲಿ ಕೆಲಸ ಮಾಡುವವರ ಮನೆ ಬಾಡಿಗೆ ಭತ್ಯೆ ಮೂಲ ವೇತನದ ಶೇ 7.5. ಮೂಲ ವೇತನ 40 ಸಾವಿರ ಇದ್ದವರಿಗೆ ಅದು 3 ಸಾವಿರ ರೂ. ಅಂದರೆ ಭತ್ಯೆಯೆಲ್ಲ ಪೆಟ್ರೋಲಿಗೇ ಹೋಗಿ, ಕಲಬುರಗಿ ಬಾಡಿಗೆ ಕೈಯಿಂದ ಕಟ್ಟಬೇಕು.

ಮಹಿಳಾ ನೌಕರರ ಲೆಕ್ಕ ಬೇರೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದಮೇಲೆ ಅವರಿಗೆ ಬಸ್ ಖರ್ಚಿಲ್ಲ. ಆದರೆ ದಿನಕ್ಕೆ ಎರಡು ಮೂರು ತಾಸು ಬಸ್ಸಿನಲ್ಲೇ ಕಳೀತದ. ಅದನ್ನು ಯಾವ ಯೋಜನೆಯೂ ವಾಪಸ್ ಕೊಡೋದಿಲ್ಲ.

ಇನ್ನು ರವಿವಾರದ ಮಾತು. ಹಳ್ಳ್ಯಾಗ ಏನದ, ಬ್ಯಾಸರ ಬರ್ತದ ಅನ್ನುವವರು ಒಮ್ಮೆ ನಕ್ಷೆ ತೆಗೆದು ನೋಡಬೇಕು. ನಮ್ಮ ಬಯಲು ಸೀಮೆಗೆ ಹತ್ತಿರದ ಗುಡ್ಡಸಾಲು ಬಾಲಾಘಾಟ, ಅದು ಇರೋದು ಆಳಂದದ ಆಚೆ ಮಗ್ಗುಲಿಗೆ. ನಳದುರ್ಗ ಕೋಟೆ, ಬೋರಿ ನದಿಗೆ ಅಡ್ಡ ಕಟ್ಟಿದ ಪಾಣಿ ಮಹಲ್, ಮಳೆಗಾಲದಲ್ಲಿ ಅದರ ಮೇಲಿಂದ ಧುಮುಕುವ ನೀರು ನೋಡಿ ಸಂಜೆಯೊಳಗೆ ಮನೆ ಸೇರಬಹುದು. ಅಲ್ಲಿಂದ ಮುಂದೆ ತುಳಜಾಪುರದ ಘಾಟ್. ಸೀಗಿ ಹುಣ್ಣಿಮೆಗೆ ನಮ್ಮ ಭಾಗದ ಮಂದಿ ನಡಕೊಂಡು ಹೋಗೋ ಅಂಬಾಭವಾನಿಯ ಗುಡ್ಡ ಅದು. ಕಲಬುರಗಿಯವರು ಅಲ್ಲಿಗೆ ಹೋಗಬೇಕಾದರೂ ಆಳಂದ ದಾಟಿಯೇ ಹೋಗಬೇಕು. ಅವರಿಗೆ ಜಿಲ್ಲೆಯ ಒಳಗೇ ಚಿಂಚೋಳಿ ಕಾಡು, ಚಂದ್ರಂಪಳ್ಳಿ ಡ್ಯಾಮು ಇವೆ ಅನ್ನೋದೂ ಖರೆ. ವಾರಕ್ಕೆ ಆರು ದಿನ 80 ಕಿ.ಮೀ. ಅಂದರೆ 480 ಕಿ.ಮೀ. ಇಷ್ಟು ಗಾಡಿ ಹೊಡೆದವರಿಗೆ ರವಿವಾರ ಮತ್ತೆ ಹ್ಯಾಂಡಲ್ ಹಿಡಿಯೋ ಮನಸ್ಸೇ ಇರೋದಿಲ್ಲ.

ಇದರಲ್ಲಿ ಅಂಗಡಿಯವರದ್ದೂ ದೊಡ್ಡ ಪಾಲಿದೆ. ನಮ್ಮ ತಾಲ್ಲೂಕಿನ ವ್ಯಾಪಾರ ತೊಗರಿ ಮೇಲೆ ನಿಂತದ್ದು. ರಾಶಿ ಆದಾಗ ರೊಕ್ಕ, ಉಳಿದ ತಿಂಗಳು ಉದ್ರಿ ವಹಿ. ಸಂಬಳದ ಮನೆ ಒಂದು ಊರಲ್ಲಿದ್ದರೆ ಹನ್ನೆರಡು ತಿಂಗಳೂ ಹಾಲು, ಕಿರಾಣಿ, ತರಕಾರಿ, ಔಷಧ ಇಲ್ಲೇ ಕೊಳ್ತಾರ. ಈಗ ಸರಸಂಬಾದಲ್ಲಿ ದುಡಿದ ಸಂಬಳ ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಖರ್ಚಾಗ್ತದ.

ಹಂಗಂತ ತಪ್ಪೆಲ್ಲ ನೌಕರದಾರರದ್ದೇ ಅನ್ನೋದು ಸರಿಯಲ್ಲ. ಗಂಡನಿಗೊಂದು ಊರು, ಹೆಂಡತಿಗೊಂದು ಊರು ಪೋಸ್ಟಿಂಗ್ ಇರ್ತದ. ಮಕ್ಕಳ ಶಾಲೆ ಮುಖ್ಯ. ಇಡೀ ಕುಟುಂಬ ಹಳ್ಳಿಗೇ ಬರಲಿ ಅನ್ನೋದು ಎಲ್ಲರಿಗೂ ಆಗೋ ಮಾತಲ್ಲ. ಆದರೆ ಆಳಂದ ಪಟ್ಟಣಕ್ಕೆ ಬಂದರೂ ದಿನದ 80 ಕಿ.ಮೀ. ಉಳೀತದ. ಅದಕ್ಕೂ ಮೊದಲ ಪ್ರಶ್ನೆ ಮನೆಯದು: ನೀರು, ಶೌಚಾಲಯ ಸರಿ ಇರುವ ಎರಡು ಕೋಣೆಯ ಬಾಡಿಗೆ ಮನೆ. ಪ್ಲಾಟ್ ಕೊಂಡು ಖಾಲಿ ಬಿಟ್ಟವರು ಇದನ್ನು ಲಾಭದ ಲೆಕ್ಕದಲ್ಲೇ ನೋಡಲಿ. ನೌಕರದಾರರು ಮನೆ ಬದಲಿಸೋದು ಮಕ್ಕಳ ಸೂಟಿಯಲ್ಲಿ. ಜೂನ್‌ಗೆ ಶಾಲೆ ಶುರುವಾದರೆ ಮತ್ತೊಂದು ವರ್ಷ ಅದೇ ಬಸ್ಸು, ಅದೇ ರಸ್ತೆ.