ಹದಿನೈದು ತುಂಬಿದ ಗಾಡಿ

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ರಾಸು ಕೊಳ್ಳಲು ಬಂದವರು ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿ ಕೂಡಿದೆಯೋ ಎಂಬುದು ಖಾತ್ರಿಯಾದ ಮೇಲೆಯೇ ಸುಳಿ, ಗೊರಸು, ನಡೆ ಎಲ್ಲ. ಆಮೇಲೆ ಟವೆಲ್ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ. ಎತ್ತಿನ ವಯಸ್ಸನ್ನು ಇಷ್ಟು ಕರಾರುವಾಕ್ಕಾಗಿ ಹೇಳುವ ಜನರನ್ನು, ಅವರು ಜಾತ್ರೆಗೆ ಹತ್ತಿಕೊಂಡು ಬಂದ ಬೈಕಿಗೆ ಎಷ್ಟು ವರ್ಷವಾಯಿತು ಎಂದು ಕೇಳಿ. ಬಹಳ ಮಂದಿ ತಡವರಿಸುತ್ತಾರೆ. ಎತ್ತಿನ ವಯಸ್ಸು ಅದರ ಬಾಯಲ್ಲೇ ಇರುತ್ತದೆ, ಬೈಕಿನದು ಬೀರುವಿನ ಕವರಿನೊಳಗೆ.

ಷಷ್ಠಿಯ ದಿನ ಗಾಡಿ ನಿಲ್ಲಿಸುವ ಬಯಲಿನಲ್ಲಿ ಒಂದು ಸುತ್ತು ಹಾಕಿದರೆ ದೇವನಹಳ್ಳಿಯ ಕೆಎ-43, ಚಿಕ್ಕಬಳ್ಳಾಪುರದ ಕೆಎ-40, ತುಮಕೂರಿನ ಕೆಎ-06, ಹಿಂದೂಪುರದ ಕಡೆಯಿಂದ ಬಂದ ಆಂಧ್ರದ ನಂಬರುಗಳು ಎಲ್ಲವೂ ಕಾಣುತ್ತವೆ. ನಡುವೆ ಟ್ಯಾಂಕಿನ ಮೇಲೆ ‘ಹೀರೋ ಹೋಂಡಾ’ ಎಂದಿರುವ ಬೈಕುಗಳು ಈಗಲೂ ಉಂಟು. ಆ ಎರಡು ಕಂಪನಿಗಳು ಬೇರೆಯಾಗಲು ತೀರ್ಮಾನಿಸಿದ್ದು 2010ರ ಡಿಸೆಂಬರ್‌ನಲ್ಲಿ. ಅಂದರೆ ಆ ಹೆಸರು ಹೊತ್ತ ಗಾಡಿಗಳಲ್ಲಿ ಬಹುಪಾಲಿಗೆ ಹದಿನೈದು ತುಂಬಿದೆ, ಇಲ್ಲವೇ ತುಂಬುತ್ತಾ ಬಂದಿದೆ. ಅವು ಮೂಲೆ ಸೇರಿದ ಗಾಡಿಗಳೂ ಅಲ್ಲ. ದೊಡ್ಡಬಳ್ಳಾಪುರದ ಮಗ್ಗದ ಮನೆಗಳಿಂದ ಸೀರೆ ಗಂಟು ಹೊರುವುದು, ಬೆಳಗಿನ ಹಾಲನ್ನು ಡೈರಿಗೆ ಮುಟ್ಟಿಸುವುದು, ಬಾಶೆಟ್ಟಿಹಳ್ಳಿಯ ಕಾರ್ಖಾನೆಗೆ ಶಿಫ್ಟಿನ ಹೊತ್ತಿಗೆ ತಲುಪಿಸುವುದು ಇಂಥವೇ.

1988ರ ಮೋಟಾರು ವಾಹನ ಕಾಯ್ದೆಯ 41ನೇ ಕಲಂ ಪ್ರಕಾರ ಸ್ವಂತ ಬಳಕೆಯ ಗಾಡಿಯ ನೋಂದಣಿಗೆ ಆಯುಷ್ಯ 15 ವರ್ಷ. ಅದು ಮುಗಿದ ಮೇಲೆ ಗಾಡಿಯನ್ನು ಆರ್‌ಟಿಓ ಕಚೇರಿಗೆ ಒಯ್ದು ತೋರಿಸಿ, ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಜನ ಇದನ್ನು ‘ಎಫ್‌ಸಿ ಮಾಡಿಸೋದು’ ಅನ್ನುತ್ತಾರೆ. ಅವಧಿ ಮುಗಿಯುವುದಕ್ಕೆ 60 ದಿನ ಇರುವಾಗಿನಿಂದಲೇ ಫಾರಂ 25ರಲ್ಲಿ ಅರ್ಜಿ ಹಾಕಬಹುದು. ಕಷ್ಟದ ಕೆಲಸವೇನಲ್ಲ. ಆದರೆ ಮರೆಯುವುದು ಸುಲಭ. ವಿಮೆ ವರ್ಷ ವರ್ಷ ನೆನಪಾಗುತ್ತದೆ, ಎಮಿಷನ್ ಸರ್ಟಿಫಿಕೇಟನ್ನು ರಸ್ತೆಯಲ್ಲಿ ಪೊಲೀಸರು ಕೇಳುತ್ತಾರೆ. ನೋಂದಣಿಯ ದಿನಾಂಕ ಮಾತ್ರ ಹದಿನೈದು ವರ್ಷ ಸುಮ್ಮನಿದ್ದು ಒಂದು ದಿನ ಮುಗಿದುಹೋಗುತ್ತದೆ. ‘ಲೈಫ್ ಟ್ಯಾಕ್ಸ್ ಕಟ್ಟಿದೀವಲ್ಲ, ಇನ್ನೇನು?’ ಎಂದು ನಂಬಿದವರೇ ಹೆಚ್ಚು. ತೆರಿಗೆ ಬೇರೆ, ನೋಂದಣಿ ಬೇರೆ ಎಂದು ಗಾಡಿ ಮಾರುವಾಗ ಅವರಿಗೆ ಯಾರೂ ಬಿಡಿಸಿ ಹೇಳುವುದಿಲ್ಲ.

2022ರ ಏಪ್ರಿಲ್ 1ರಿಂದ ಬೈಕಿನ ನವೀಕರಣ ಶುಲ್ಕ 300ರಿಂದ 1,000 ರೂಪಾಯಿಗೆ, ಕಾರಿನದು 600ರಿಂದ 5,000ಕ್ಕೆ ಏರಿತು. ಇಪ್ಪತ್ತು ವರ್ಷ ದಾಟಿದ ಗಾಡಿಗಳಿಗೆ 2025ರ ಆಗಸ್ಟ್‌ನಲ್ಲಿ ಇದರ ದುಪ್ಪಟ್ಟು ಮಾಡಿದರು. ಇಷ್ಟನ್ನು ಹೇಗೋ ಹೊಂದಿಸಬಹುದು. ಹೊರೆಯಾಗುವುದು ತಡದ ಶುಲ್ಕ: ಬೈಕಿಗೆ ತಿಂಗಳಿಗೆ 300, ಕಾರು ಮುಂತಾದವುಗಳಿಗೆ ತಿಂಗಳಿಗೆ 500. ಎರಡು ವರ್ಷ ಮರೆತ ಬೈಕಿಗೆ 7,200, ನಾಲ್ಕು ವರ್ಷ ಮರೆತದ್ದಕ್ಕೆ 14,400. ಹಸಿರು ತೆರಿಗೆ, ನವೀಕರಣ ಶುಲ್ಕ ಇದರ ಮೇಲೆ. ಹದಿನೆಂಟು ವರ್ಷದ ಸ್ಪ್ಲೆಂಡರ್ ಅಥವಾ ಎಕ್ಸೆಲ್ ಮೊಪೆಡ್ಡನ್ನು ಈಗ ಮಾರಿದರೂ ಅಷ್ಟು ಹಣ ಹುಟ್ಟುವುದು ಕಷ್ಟ.

ಇಲ್ಲಿಂದ ಮುಂದೆ ನಡೆಯುವುದು ಊರಿನಲ್ಲಿ ಎಲ್ಲರಿಗೂ ಗೊತ್ತು. ಲೆಕ್ಕ ಕೇಳಿದ ಮಾಲೀಕ ಆರ್‌ಟಿಓ ಕಚೇರಿಯ ಕಡೆ ತಲೆ ಹಾಕುವುದನ್ನೇ ಬಿಡುತ್ತಾನೆ. ತೂಬಗೆರೆ ಹೋಬಳಿಯವನು ದೇವನಹಳ್ಳಿಯ ಆ ಕಚೇರಿಗೆ ಹೋಗಿ ಬರಬೇಕೆಂದರೆ ಒಂದು ದಿನದ ಕೂಲಿಯೂ ಹೋಗುತ್ತದೆ. ಬೈಕು ಪೊಲೀಸರು ನಿಲ್ಲದ ಒಳದಾರಿಗಳಲ್ಲಿ ಓಡತೊಡಗುತ್ತದೆ. ನೋಂದಣಿಯೇ ಇಲ್ಲದ ಮೇಲೆ ವಿಮೆ ಯಾಕೆ ಎಂದು ಅದನ್ನೂ ಕೈಬಿಡುತ್ತಾರೆ. ಸಿಕ್ಕಿಬಿದ್ದರೆ 192ನೇ ಕಲಂ ಅಡಿ ಮೊದಲ ಸಲ 2,000ದಿಂದ 5,000 ರೂಪಾಯಿ ದಂಡ. ಮತ್ತೆ ಸಿಕ್ಕಿದರೆ 10,000ದವರೆಗೆ ದಂಡ ಅಥವಾ ಒಂದು ವರ್ಷದವರೆಗೆ ಜೈಲು. (ರೋಗಿಯನ್ನು, ಗಾಯಾಳುವನ್ನು ತುರ್ತಾಗಿ ಸಾಗಿಸುವಾಗ ಈ ಕಲಂ ಅನ್ವಯಿಸುವುದಿಲ್ಲ, ಆದರೆ ಏಳು ದಿನದೊಳಗೆ ಸಾರಿಗೆ ಪ್ರಾಧಿಕಾರಕ್ಕೆ ತಿಳಿಸಬೇಕು. ಹಳ್ಳಿಯವರಿಗೆ ಇದು ಗೊತ್ತಿದ್ದರೆ ಒಳ್ಳೆಯದು.)

ದಂಡಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಅಪಘಾತದ ಮಾತು. ನೋಂದಣಿ ಇಲ್ಲದಿದ್ದರೆ ಕಟ್ಟಿದ ವಿಮೆಯೂ ಕೈಕೊಡಬಹುದು. ರಾಜಸ್ಥಾನದ ಜೋಧಪುರದಲ್ಲಿ ಒಂದು ಬೊಲೆರೊ ಕಳುವಾಗಿತ್ತು. ವಿಮೆ ಚಾಲ್ತಿಯಲ್ಲಿತ್ತು. ತಾತ್ಕಾಲಿಕ ನೋಂದಣಿ ಮುಗಿದು, ಕಾಯಂ ನೋಂದಣಿ ಆಗಿರಲಿಲ್ಲ. ವಿಮಾ ಕಂಪನಿ ಹಣ ಕೊಡಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ತೀರ್ಪು ಕೊಟ್ಟಿತು. ವಿಮೆ ಕಟ್ಟಿದವರ ಗತಿಯೇ ಇದಾದರೆ, ಕಟ್ಟದೆ ಬಿಟ್ಟವರದು? ಅಂಥ ಬೈಕು ಜಾತ್ರೆಯ ದಾರಿಯಲ್ಲಿ ಒಬ್ಬ ಪಾದಚಾರಿಗೆ ಬಡಿದರೆ ಪರಿಹಾರದ ಭಾರವೆಲ್ಲ ಮಾಲೀಕನ ಹೊಲ, ಮನೆಯ ಮೇಲೆ. ಅವನಿಗೆ ಹೊಲವೂ ಇಲ್ಲದಿದ್ದರೆ ಕಾಲು ಮುರಿದುಕೊಂಡವನಿಗೆ ಪರಿಹಾರ ದಕ್ಕುವುದು ಕಷ್ಟ. ಮರೆತವನಿಗೆ ಬುದ್ಧಿ ಕಲಿಸಲೆಂದು ಇಟ್ಟ ಶುಲ್ಕ ಕೊನೆಗೆ ಹೊಡೆಯುವುದು ಏನೂ ತಪ್ಪು ಮಾಡದೆ ರಸ್ತೆಯಲ್ಲಿ ನಡೆಯುತ್ತಿದ್ದವನನ್ನು.

ಹಳೆಯ ಗಾಡಿ ರಸ್ತೆಯಿಂದ ಹೋಗಲಿ ಎಂಬುದೇ ಸರ್ಕಾರದ ಉದ್ದೇಶ ಎನ್ನುವವರಿದ್ದಾರೆ. ಹೊಗೆ ಉಗುಳುವ, ಬ್ರೇಕು ಹಿಡಿಯದ ಗಾಡಿ ಹೋಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ತಿಂಗಳ ಲೆಕ್ಕದ ಶುಲ್ಕ ಗಾಡಿಯನ್ನು ರಸ್ತೆಯಿಂದ ತೆಗೆಯುತ್ತಿಲ್ಲ, ಪರೀಕ್ಷೆಯಿಂದ ತಪ್ಪಿಸುತ್ತಿದೆ. ಇನ್ಸ್‌ಪೆಕ್ಟರ್ ಕಣ್ಣಿಗೆ ಬಿದ್ದು ಬ್ರೇಕು, ದೀಪ ಸರಿಯಾಗಬೇಕಿದ್ದ ಗಾಡಿ ಕತ್ತಲಲ್ಲಿ ಹಾಗೇ ಓಡುತ್ತಿದೆ. ಸಿಗ್ನಲ್ ಹಾರಿದವರಿಗೆ, ಹೆಲ್ಮೆಟ್ ಹಾಕದವರಿಗೆ ಬಾಕಿ ದಂಡದಲ್ಲಿ ಅರ್ಧ ರಿಯಾಯಿತಿಯನ್ನು ನಮ್ಮ ರಾಜ್ಯವೇ 2023ರ ಫೆಬ್ರುವರಿಯಲ್ಲಿ, ಮತ್ತೆ 2025ರಲ್ಲಿ ಕೊಟ್ಟಿತು. ಜನ ಸಾಲುಗಟ್ಟಿ ಕಟ್ಟಿದರು. ಗೊತ್ತಿದ್ದೂ ನಿಯಮ ಮುರಿದವರಿಗೆ ಸಿಕ್ಕ ದಾಕ್ಷಿಣ್ಯ, ದಿನಾಂಕ ಮರೆತವನಿಗೂ ಒಮ್ಮೆ ಸಿಗಬೇಕು.

ತಡದ ಶುಲ್ಕ ಕೇಂದ್ರದ ನಿಯಮದಲ್ಲಿದೆ. ಅದಕ್ಕೊಂದು ಗರಿಷ್ಠ ಮಿತಿ ಹಾಕುವಂತೆ ರಾಜ್ಯ ಸರ್ಕಾರ ಕೇಂದ್ರವನ್ನು ಕೇಳಬೇಕು. ಅಲ್ಲಿಯವರೆಗೆ ಸಾರಿಗೆ ಇಲಾಖೆ ತನ್ನ ಕೈಲಾಗುವುದನ್ನು ಮಾಡಲಿ. ಅವಧಿ ಮುಗಿಯುವ ಎರಡು ತಿಂಗಳು ಮೊದಲೇ ಕನ್ನಡದಲ್ಲಿ ಒಂದು ಎಸ್‌ಎಂಎಸ್ ಕಳಿಸಲಿ. ಘಾಟಿ ಜಾತ್ರೆಯಲ್ಲಿ ಒಂದು ಶಾಮಿಯಾನ ಹಾಕಿ, ಇನ್ಸ್‌ಪೆಕ್ಟರನ್ನು ಕೂರಿಸಿ, ಅಲ್ಲೇ ಗಾಡಿ ನೋಡಿ ನವೀಕರಣದ ಅರ್ಜಿ ತೆಗೆದುಕೊಳ್ಳಲಿ. ಜನ, ಗಾಡಿ ಎರಡೂ ಅಲ್ಲೇ ಇರುತ್ತವೆ.

ಓದುಗರಲ್ಲಿ ನನ್ನದೊಂದು ಕೋರಿಕೆ. ಇವತ್ತು ರಾತ್ರಿ ಊಟಕ್ಕೆ ಮೊದಲು ಬೀರು ತೆಗೆದು ಆರ್‌ಸಿಯಲ್ಲಿ ನೋಂದಣಿ ಯಾವ ತಾರೀಖಿನವರೆಗೆ ಇದೆ ನೋಡಿ. ನಿಮ್ಮದಷ್ಟೇ ಅಲ್ಲ, ಮನೆಗೆ ಹಾಲು ಹಾಕುವವರದ್ದು, ಊರಿನಲ್ಲಿರುವ ಚಿಕ್ಕಪ್ಪನದ್ದು ಕೂಡ ಕೇಳಿ ನೋಡಿ. ಗಾಡಿ ಗುಜರಿಗೆ ಕೊಟ್ಟಿದ್ದರೆ 14 ದಿನದೊಳಗೆ ಆರ್‌ಟಿಓಗೆ ಬರೆದು ನೋಂದಣಿ ರದ್ದು ಮಾಡಿಸಿ. ಅವಧಿ ಮೀರಿದ್ದರೆ ಇನ್ನೊಂದು ತಿಂಗಳು ಕಾಯಬೇಡಿ.