ಸೆರೆಮನೆಯವರ ಜಪಸರ, ನಮ್ಮ ಫಾರ್ವರ್ಡು



ಜೈಲಿನಲ್ಲಿ ಖೈದಿಗಳು ನಮಾಜು ಮಾಡಿದರು, ಉಪವಾಸಕ್ಕೆ ಬೇರೆ ಹೊತ್ತಿನಲ್ಲಿ ಊಟ ಕೇಳಿದರು ಎಂದು ಸುದ್ದಿ ಬಂದರೆ ಸಾಕು, ಯಾರಾದರೊಬ್ಬ ರಾಜಕೀಯ ಮಾತುಗಾರ "ಇವರಿಗೆ ಇಷ್ಟು ಸುಖ ಯಾಕೆ?" ಎಂದು ಕಿಡಿ ಹಚ್ಚುತ್ತಾನೆ. ಆ ವಿಡಿಯೊ ನಮ್ಮ ವಾಟ್ಸಾಪ್ ಗುಂಪುಗಳಿಗೂ ಬರುತ್ತದೆ. ಬೇರೆ ಊರಿನವರು ನಂಬಿದರೆ ನಂಬಲಿ, ಈ ಬೆಟ್ಟದವರಾದ ನಾವು ನಂಬಬಾರದು.

ನಮ್ಮ ಹಿರಿಯರನ್ನು ಕೇಳಿ ನೋಡಿ. 2000ನೇ ಇಸವಿ ಜುಲೈ 30ರಂದು ವೀರಪ್ಪನ್ ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅವರನ್ನು ಅಪಹರಿಸಿದಾಗ, ಅವನ ಬೇಡಿಕೆಗಳಲ್ಲೊಂದು ಮೈಸೂರು ಜೈಲಿನಲ್ಲಿದ್ದ ಟಾಡಾ ಬಂಧಿಗಳ ಬಿಡುಗಡೆ. ಅವರಲ್ಲಿ ಅನೇಕರು ಕಾಡಂಚಿನ ಹಳ್ಳಿಗಳ ಬಡವರು. ಹೊರಗಿನವರ ಬಾಯಲ್ಲಿ ಮಾತ್ರ ಎಲ್ಲರೂ "ವೀರಪ್ಪನ್ ಕಡೆಯವರು". ಮರುವರ್ಷ ಮೈಸೂರಿನ ವಿಶೇಷ ನ್ಯಾಯಾಲಯ ತೀರ್ಪು ಕೊಟ್ಟಾಗ ಬಹುಪಾಲು ಮಂದಿ ಖುಲಾಸೆಯಾದರು. ಅಷ್ಟರಲ್ಲಿ ವರ್ಷಗಳೇ ಕಳೆದುಹೋಗಿದ್ದವು.

ಅಪರಾಧ ಸಾಬೀತಾದವರ ವಿಷಯವೇನು? 1993ರ ಏಪ್ರಿಲ್ 9ರ ಪಾಲಾರ್ ಸ್ಫೋಟದಲ್ಲಿ 22 ಜನ ಸತ್ತರು. ಅವರ ಮನೆಯವರ ದುಃಖ ಸಣ್ಣದಲ್ಲ. ಆ ಪ್ರಕರಣದಲ್ಲಿ ಸೈಮನ್, ಜ್ಞಾನಪ್ರಕಾಶಂ, ಬಿಲವೇಂದ್ರನ್, ಮೀಸೆಕಾರ ಮಾದಯ್ಯ ಎಂಬ ನಾಲ್ವರಿಗೆ 2004ರಲ್ಲಿ ಸುಪ್ರೀಂ ಕೋರ್ಟ್ ಮರಣದಂಡನೆ ವಿಧಿಸಿತು. 2013ರ ಫೆಬ್ರವರಿಯಲ್ಲಿ ಕ್ಷಮಾದಾನದ ಅರ್ಜಿ ತಿರಸ್ಕಾರವಾಗಿ, ಅವರು ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ನೇಣಿಗೆ ಕಾಯುತ್ತಿದ್ದರು. 2014ರ ಜನವರಿ 21ರಂದು ಅದೇ ಕೋರ್ಟ್ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು. ನಾಲ್ವರಲ್ಲಿ ಮೂವರದು ನಮ್ಮ ದೇವಾಲಯದ ಜ್ಞಾನಸ್ನಾನದ ಪುಸ್ತಕದಲ್ಲಿ ಸಿಗುವಂಥ ಹೆಸರು. ನೇಣಿಗೆ ಕಾಯುವವನು ಪಾಪನಿವೇದನೆಗೆ ಗುರುಗಳು ಬೇಕೆಂದು ಕೇಳಿದರೆ ಅದನ್ನು ಸುಖ ಎನ್ನಲು ನಮಗೆ ಬಾಯಿ ಬರುತ್ತದೆಯೇ? ಇನ್ನೊಬ್ಬ ಮಾದಪ್ಪನ ಹೆಸರು ಹೇಳಿ ಕೈ ಮುಗಿದರೆ? ಮತ್ತೊಬ್ಬ ನಮಾಜಿಗೆ ಚಾಪೆ ಹಾಸಿದರೆ?

ಕಾನೂನು ಇಲ್ಲಿ ಸ್ಪಷ್ಟವಾಗಿದೆ. ಸೆರೆಯಾದ ಮಾತ್ರಕ್ಕೆ ಮೂಲಭೂತ ಹಕ್ಕುಗಳು ಪೂರ್ತಿ ಹೋಗುವುದಿಲ್ಲ ಎಂದು 1978ರಲ್ಲೇ ಸುನಿಲ್ ಬಾತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ವಿಶ್ವಸಂಸ್ಥೆಯ 2015ರ ಮಂಡೇಲಾ ನಿಯಮಗಳು, ಖೈದಿ ತನ್ನ ಧರ್ಮದ ಗುರುವನ್ನು ಕಾಣುವುದನ್ನು ತಡೆಯಬಾರದು ಎನ್ನುತ್ತವೆ. ಬೇಡವೆನ್ನುವವನ ಮೇಲೆ ಹೇರಬಾರದು ಎಂದೂ ಹೇಳುತ್ತವೆ. (ಇದನ್ನು ನಮ್ಮವರೂ ಗಮನಿಸಬೇಕು.)

ಕಿಡಿ ಹಚ್ಚುವ ಮಾತು ಹೇಗೆ ಹುಟ್ಟುತ್ತದೆ ಎಂಬುದಕ್ಕೆ ಕಸಬ್‌ನ ಬಿರಿಯಾನಿಯೇ ಸಾಕ್ಷಿ. ಅವನು ಜೈಲಿನಲ್ಲಿ ಮಟನ್ ಬಿರಿಯಾನಿ ಕೇಳಿದ ಎಂದು ದೇಶವೆಲ್ಲ ಕುದಿಯಿತು. ಆ ಕಥೆ ತಾನೇ ಕಟ್ಟಿದ್ದು ಎಂದು ಸರ್ಕಾರಿ ವಕೀಲ ಉಜ್ವಲ್ ನಿಕಮ್ 2015ರಲ್ಲಿ ಒಪ್ಪಿಕೊಂಡರು. ಕಸಬ್‌ನ ಅಪರಾಧ ಘೋರವೇ, ಅದಕ್ಕೆ ಬಿರಿಯಾನಿಯ ಸುಳ್ಳು ಬೇಕಿರಲಿಲ್ಲ. ಆದರೆ ಇಂದಿಗೂ ಯಾವ ಖೈದಿಯ ಸುದ್ದಿ ಬಂದರೂ ಆ ಬಿರಿಯಾನಿ ಹಿಂದೆಯೇ ಬರುತ್ತದೆ.

ಆಗಸ್ಟ್ ಎರಡನೇ ಭಾನುವಾರ ಸೆರೆಮನೆ ಸೇವೆಯ ಭಾನುವಾರ. ಬಲಿಪೂಜೆಯಲ್ಲಿ ಕಾಣಿಕೆ ಹಾಕಿ ಮನೆಗೆ ಬರುವುದು ನಮಗೆ ರೂಢಿ. ಈ ಸಲ ಇನ್ನೊಂದು ಕೆಲಸ ಮಾಡೋಣ. ನಮ್ಮ ಬೆಟ್ಟದ ಕನ್ನಡದವರು ಕೊಯಮತ್ತೂರು ಸೆರೆಮನೆ ಸೇರಿದರೆ ಅವರಿಗೆ ಓದಲು ಕನ್ನಡ ಪುಸ್ತಕ ಬೇಕು. ಶುಭಸಂದೇಶವನ್ನು ಕೊಡೋಣ, ಕೇಳಿದವರಿಗೆ ಗೀತೆಯನ್ನೂ ಕುರಾನನ್ನೂ ಕನ್ನಡದಲ್ಲೇ ಹುಡುಕಿ ಕೊಡೋಣ. ಅನುಮತಿಗೆ ಜೈಲಿನ ಅಧಿಕಾರಿಗಳಿಗೆ ಬರೆಯಬೇಕಾದ ಪತ್ರದ ಬಗ್ಗೆ ಫಾದರ್ ಅವರನ್ನು ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ಕೇಳಲಿದ್ದೇವೆ. ಬರುವವರು ಬನ್ನಿ.