ರಾಜೀನಾಮೆಯೋ, ತೆಗೆಯುವ ತನಕ ಕಾಯುವುದೋ?

ಬಿ.ಎಸ್ಸಿ. ಮುಗಿಸಿ ಬಿ.ಇಡ್.ಗೆ ಸೇರುವ ಮೊದಲು ಎರಡು ವರ್ಷ ನಾನು ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದೆ. ರಾಮಥಾಳದಿಂದ ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಮರಳುತ್ತಿದ್ದೆ. ಸಂಬಳ ವರ್ಷಕ್ಕೆ ಹತ್ತೇ ತಿಂಗಳು. ನೇಮಕಾತಿ ಆದೇಶ ಕೊಡಲಿಲ್ಲ. ನನ್ನ ಮೂಲ ಅಂಕಪಟ್ಟಿಗಳನ್ನು ಮಾತ್ರ ಮೊದಲ ದಿನವೇ ಇಸಿದುಕೊಂಡಿದ್ದರು.

ಎರಡನೆಯ ವರ್ಷ, ದಾಖಲಾತಿಗೆ ಮಕ್ಕಳನ್ನು ಹುಡುಕುತ್ತ ಊರೂರು ತಿರುಗಲು ಒಪ್ಪದ್ದಕ್ಕೆ ಆಡಳಿತ ಮಂಡಳಿಗೆ ಬೇಡವಾದೆ. ಹೋಗು ಎಂದು ಯಾರೂ ಹೇಳಲಿಲ್ಲ. ಹತ್ತನೆಯ ತರಗತಿಯ ಗಣಿತ ಕಿತ್ತುಕೊಂಡರು, ಸಿಬ್ಬಂದಿ ಸಭೆಯಲ್ಲಿ ಎಲ್ಲರೆದುರು ಮಾತಾಡಿದರು. ಇಂಥ ಶಾಲೆಗಳಲ್ಲಿ ವಜಾ ಎನ್ನುವುದೇ ಇರುವುದಿಲ್ಲ. ಜೂನ್‌ನಲ್ಲಿ ಫೋನ್ ಬರಲಿಲ್ಲ ಎಂದರೆ ಕೆಲಸ ಹೋಯಿತು ಎಂದರ್ಥ.

ಬಿಡುತ್ತೇನೆ ಎಂದಾಗ ಹಿರಿಯ ಶಿಕ್ಷಕಿಯೊಬ್ಬರು ತಡೆದರು: “ತಮ್ಮಾ, ನಾವಾಗೇ ಬಿಟ್ರ ಎಲ್ಲಾ ಬಿಟ್ಟಂಗ. ಅವರ ತೆಗೀಲಿ, ಕೇಳಾಕ ಬಾಯಿರತದ.” ಅವರದು ಆರು ವರ್ಷದ ಸೇವೆ, ಮಗನಿಗೆ ಅಲ್ಲೇ ಉಚಿತ ಓದು. ನನಗೆ ಮನೆಯಲ್ಲಿ ಹೊಲವಿತ್ತು, ಅವರಿಗೆ ಇರಲಿಲ್ಲ. ನಾನು ಕಾದೆ, ಅಕ್ಟೋಬರ್‌ನಿಂದ ಜನವರಿಯವರೆಗೆ.

ಅಕ್ಕಾರು ಹೇಳಿದ್ದು ಅರ್ಧ ಸರಿ. ಕರ್ನಾಟಕ ಶಿಕ್ಷಣ ಅಧಿನಿಯಮ 1983ರ (ಜಾರಿಗೆ ಬಂದದ್ದು 1995ರಲ್ಲಿ) 92ನೆಯ ಕಲಂ ಪ್ರಕಾರ, ಅದರ ವ್ಯಾಪ್ತಿಯ ಖಾಸಗಿ ಶಾಲೆ ವಿಚಾರಣೆಯಿಲ್ಲದೆ ನೌಕರನನ್ನು ವಜಾ ಮಾಡುವಂತಿಲ್ಲ. ಮಾಡಿದರೆ 94ನೆಯ ಕಲಂನಡಿ ಮೂರು ತಿಂಗಳೊಳಗೆ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ನಾವಾಗಿ ಬರೆದುಕೊಟ್ಟ ರಾಜೀನಾಮೆ ವಜಾ ಅಲ್ಲ, ಅದಕ್ಕೆ ಆ ದಾರಿಯಿಲ್ಲ. ಕಾರ್ಮಿಕ ನ್ಯಾಯಾಲಯಕ್ಕೂ ಹೋಗುವಂತಿರಲಿಲ್ಲ; ಆಗಿನ ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಶಿಕ್ಷಕ ‘ಕಾರ್ಮಿಕ’ನಲ್ಲ ಎಂದು ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿತ್ತು. ಆದರೆ ಕೈಯಲ್ಲಿ ಆದೇಶವಿಲ್ಲದವನು, ಮೇಲಾಗಿ ಬಿ.ಇಡ್. ಆಗದವನು, ಯಾವ ಕಾಗದ ಹಿಡಿದು ಹೋಗಬೇಕು? ನನ್ನ ಕಾಯುವಿಕೆಯಿಂದ ನನಗೇನೂ ಸಿಗುವಂತಿರಲಿಲ್ಲ.

ನಷ್ಟವಾದದ್ದು ಒಂಬತ್ತನೆಯ ತರಗತಿಗೆ. ಆ ನಾಲ್ಕು ತಿಂಗಳು ಹಿಂದಿನ ವರ್ಷದ ಟಿಪ್ಪಣಿಯನ್ನೇ ನಕಲು ಮಾಡಿದೆ. ಬಹುಪದೋಕ್ತಿಗಳ ಅಧ್ಯಾಯದಲ್ಲಿ ಅಪವರ್ತಿಸುವುದನ್ನು ಕಲಿಸಲಿಲ್ಲ, ಹಲಗೆ ಮೇಲೆ ಉತ್ತರ ಬರೆದು ಇಳಿಸಿಕೊಳ್ಳಲು ಹೇಳಿದೆ. ಹೊರಗೆ ಹಾಕಲಿ ಎಂದು ಕಾಯುವವನು ತಾನಿನ್ನೂ ಅಲ್ಲೇ ಇದ್ದೇನೆ ಅಂದುಕೊಂಡಿರುತ್ತಾನೆ. ಮಕ್ಕಳಿಗೆ ಅವನು ಹೋಗಿ ಎಷ್ಟೋ ದಿನವಾಗಿರುತ್ತದೆ. ಜನವರಿಯಲ್ಲಿ ಬಿಟ್ಟೆ, ಅದೂ ಅರ್ಧ ಪಾಠದಲ್ಲಿ. ಅಕ್ಟೋಬರ್‌ನಲ್ಲೇ ಲಿಖಿತವಾಗಿ ತಿಳಿಸಿ, ಬೇರೆಯವರು ಬರುವ ತನಕ ನೆಟ್ಟಗೆ ಕಲಿಸಿ ಹೊರಡಬೇಕಿತ್ತು ಎಂಬುದು ಈಗಿನ ನನ್ನ ಅಭಿಪ್ರಾಯ. ಆದೇಶ ಕೈಯಲ್ಲಿದ್ದು ಹೋರಾಡುವ ಮನಸ್ಸಿರುವವರು ಉಳಿಯಲಿ. ಅದು ಕಾಯುವುದಲ್ಲ, ಬೇರೆಯೇ ಕೆಲಸ.

ನಮ್ಮ ಇಂಟರ್ನ್‌ಶಿಪ್‌ನಲ್ಲಿ ಹಾಜರಿ ಪುಸ್ತಕ, ವೇಳಾಪಟ್ಟಿ, ಬಿಸಿಯೂಟದ ದಾಖಲೆ ಎಲ್ಲ ನೋಡಿ ವರದಿ ಬರೆಯುತ್ತೇವೆ. ನೇಮಕಾತಿ ಆದೇಶ ಹೇಗಿರುತ್ತದೆ ಎಂದು ಮಾತ್ರ ಯಾರೂ ತೋರಿಸುವುದಿಲ್ಲ. ನಮ್ಮಲ್ಲಿ ಬಹಳಷ್ಟು ಜನ ಮೊದಲು ಸೇರುವುದು ಖಾಸಗಿ ಶಾಲೆಗೇ. ಶಾಲಾ ದಾಖಲೆಗಳ ಅಧ್ಯಯನಕ್ಕೆ ಇದೊಂದನ್ನೂ ಸೇರಿಸಿ, ಈ ಕಲಂಗಳಿಗೆ ಎರಡು ಅವಧಿ ಕೊಡಿ ಎಂದು ನಮ್ಮ ಗುರುಗಳನ್ನು ಕೇಳಿಕೊಳ್ಳುತ್ತೇನೆ. ಸೂಕ್ಷ್ಮಬೋಧನೆಯ ಒಂದು ಕೌಶಲಕ್ಕೆ ಇದಕ್ಕಿಂತ ಹೆಚ್ಚು ಸಮಯ ಕೊಡುತ್ತೇವೆ.

ಗೊತ್ತಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಕ್ಕಾರೇ ಸಾಕ್ಷಿ. ಬಿಟ್ಟರೆ ಎಲ್ಲವೂ ಹೋಗುತ್ತದೆ ಎಂದೇ ಅವರು ಅಲ್ಲಿದ್ದರು. 2009ರ ತಿದ್ದುಪಡಿಯಿಂದ ಗ್ರಾಚ್ಯುಟಿ ಶಿಕ್ಷಕರಿಗೂ ಸಿಗುತ್ತದೆ, 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ಹತ್ತು ಅಥವಾ ಹೆಚ್ಚು ಸಿಬ್ಬಂದಿಯ ಶಾಲೆಯಲ್ಲಿ ಸತತ ಐದು ವರ್ಷ ದುಡಿದವರು ರಾಜೀನಾಮೆ ಕೊಟ್ಟರೂ ಅದು ಬರಬೇಕಾದ ಹಣ. ಕಳೆದ ತಿಂಗಳು ಫೋನಿನಲ್ಲಿ ಹೇಳಿದೆ. “ಬಾಯಿಲೆ ಹೇಳಿದ್ರ ನಂಬೂದಿಲ್ಲೋ, ಕಾಗದದಾಗ ಬರದು ಕಳಸು” ಅಂದರು. ಒಂದು ಹಾಳೆಯಲ್ಲಿ ಬರೆದು ಕಳಿಸಿದ್ದೇನೆ.